ತಲೆದೆಸೆಯ ಗೋಡೆ

ಕೇಳುಗರಿಗೆ ನಮಸ್ಕಾರ.

ಮಲಗುವ ಕೋಣೆಗೆ ಹೊಸ ಕಳೆ ಬರಬೇಕೆನಿಸಿದಾಗ ಹೆಚ್ಚಿನವರು ನಾಲ್ಕೂ ಗೋಡೆಗಳಿಗೆ ಬಣ್ಣ ಹೊಡೆಸುವ ಯೋಚನೆ ಮಾಡುತ್ತಾರೆ, ಇಲ್ಲವೇ ಮಂಚ, ಬೀರುಗಳನ್ನೇ ಬದಲಾಯಿಸಲು ಹೊರಡುತ್ತಾರೆ. ಅಷ್ಟು ದೂರ ಹೋಗುವ ಮೊದಲು ಮಂಚದ ತಲೆದೆಸೆಯ ಗೋಡೆಯೊಂದನ್ನೇ ಕೈಗೆತ್ತಿಕೊಳ್ಳಿ ಎಂಬುದು ನನ್ನ ಸಲಹೆ. ಬಾಗಿಲು ತೆರೆದವರ ಕಣ್ಣು ಸಾಮಾನ್ಯವಾಗಿ ಮೊದಲು ಮಂಚದ ಮೇಲೆ, ಅಲ್ಲಿಂದ ಅದರ ಹಿಂದಿನ ಗೋಡೆಯ ಮೇಲೆ ಹೋಗಿ ನಿಲ್ಲುತ್ತದೆ. ವಿಚಿತ್ರವೆಂದರೆ, ಆ ಮಂಚದಲ್ಲಿ ಮಲಗುವವರಿಗೆ ಆ ಗೋಡೆ ಕಾಣುವುದೇ ಇಲ್ಲ. ಅವರ ಪಾಲಿಗೆ ಅದು ಬೆನ್ನಿಗೂ ತಲೆಗೂ ತಾಗುವ ಗೋಡೆ. ಬಾಗಿಲಲ್ಲಿ ನಿಂತವರ ಕಣ್ಣಿಗೂ ದಿಂಬಿಗೊರಗಿ ಕುಳಿತವರ ಬೆನ್ನಿಗೂ ಅದು ಹಿತವಾಗಬೇಕು. ಚಿತ್ರಗಳಲ್ಲಿ ಸೊಗಸಾಗಿ ತೋರುವ ಎಷ್ಟೋ ಅಲಂಕಾರಗಳು ಬೆನ್ನಿನ ಪರೀಕ್ಷೆಯಲ್ಲಿ ಸೋತುಹೋಗುತ್ತವೆ.

ಮಂಚವನ್ನು ಮೂರಡಿ ಮುಂದಕ್ಕೆಳೆದು ಗೋಡೆಯನ್ನು ಹತ್ತಿರದಿಂದ ನೋಡುವುದು ಮೊದಲ ಕೆಲಸ. ದಿಂಬಿನಿಂದ ಒಂದೆರಡು ಗೇಣು ಮೇಲೆ, ದಿನವೂ ಒರಗಿದ ತಲೆಯ ಜಿಡ್ಡು ಹಿಡಿದು ಮಂಕಾದ ಒಂದು ವೃತ್ತ, ಇಬ್ಬರು ಮಲಗುವ ಮಂಚವಾದರೆ ಅಂಥವೇ ಎರಡು. ಅದರ ಕೆಳಗೆ ಮಂಚದ ಅಂಚು ಉಜ್ಜಿ ಬಣ್ಣ ಕಿತ್ತುಹೋದ ಗೆರೆ. ಇನ್ನೂ ಕೆಳಗೆ, ಗಾಳಿಯಾಡದ ಮೂಲೆಯಲ್ಲಿ, ಬೂದುಬಣ್ಣದ ಬೂಷ್ಟು. ಜಿಡ್ಡಿನ ಮೇಲೆ ನೇರವಾಗಿ ಬಳಿದ ಬಣ್ಣ ಕಚ್ಚಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ಸೋಪಿನ ನೀರಿನಿಂದ ಒರೆಸಿ ತೆಗೆದು, ಗೋಡೆ ಪೂರ್ತಿ ಒಣಗಿದ ಬಳಿಕವೇ ಪ್ರೈಮರ್ ಹಚ್ಚಬೇಕು. ಬೂಷ್ಟಿನ ವಿಷಯ ಬೇರೆ, ಅದಕ್ಕೆ ಕಾರಣವಾದ ತೇವ ಎಲ್ಲಿಂದ ಬರುತ್ತಿದೆ ಎಂಬುದು ಮೊದಲು ತಿಳಿಯಬೇಕು. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಗಾಳಿ ಹೋಗದಂತೆ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿದರೆ ಉತ್ತರ ಸಿಗುತ್ತದೆ: ಹನಿಗಳು ಹಾಳೆಯ ಒಳಮೈಯಲ್ಲಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ, ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯಲ್ಲೇ ತೇವವಿದೆ. ಒಳಗಿನಿಂದ ಬರುವ ನೀರನ್ನು ನಿಲ್ಲಿಸದೆ ವಾಲ್‌ಪೇಪರ್ ಅಂಟಿಸಿದರೂ ಮರದ ಹಲಗೆ ಹೊದಿಸಿದರೂ ಬೂಷ್ಟಿಗೆ ಮರೆಯೊಂದನ್ನು ಕಟ್ಟಿಕೊಟ್ಟಂತಾಗುತ್ತದೆ.

ವಾಲ್‌ಪೇಪರಿಗೂ ತೇವಕ್ಕೂ ಹಳೆಯ ವೈರವೊಂದಿದೆ. 19ನೆಯ ಶತಮಾನದ ಯೂರೋಪಿನಲ್ಲಿ ಗೋಡೆಯ ಕಾಗದಕ್ಕೆ ಬಳಸುತ್ತಿದ್ದ ಕಣ್ಸೆಳೆಯುವ ಹಸಿರುಗಳಲ್ಲಿ ತಾಮ್ರದೊಡನೆ ಆರ್ಸೆನಿಕ್ ಇರುತ್ತಿತ್ತು. ಅಂಥ ವರ್ಣದ್ರವ್ಯದ ಮೇಲೆ ಬೂಷ್ಟು ಬೆಳೆದಾಗ ಆರ್ಸೆನಿಕ್ ಅನಿಲರೂಪದಲ್ಲಿ ಹೊರಬೀಳುತ್ತದೆ ಎಂಬುದನ್ನು ಇಟಲಿಯ ವಿಜ್ಞಾನಿ ಬಾರ್ಟೊಲೊಮಿಯೊ ಗೋಸಿಯೊ 1890ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದ. ಇಂದಿನ ಕಾಗದಗಳಲ್ಲಿ ಆ ವಿಷವಿಲ್ಲ, ಆದರೆ ಕಾಗದದ ಹಿಂದಿನ ಅಂಟು ಬೂಷ್ಟಿಗೆ ಇಂದಿಗೂ ಆಹಾರವಾಗಬಲ್ಲದು. ಮೂಗಿನಿಂದ ಒಂದಡಿ ದೂರದಲ್ಲಿ ಅದು ಬೆಳೆಯುವುದು ಯಾರಿಗೂ ಬೇಡ.

ಗೋಡೆ ಒಣಗಿದೆ, ಚೊಕ್ಕಟವಾಗಿದೆ ಎಂದಮೇಲೆ ಬಣ್ಣದ ಮಾತು. ಖರ್ಚೂ ಶ್ರಮವೂ ಕಡಿಮೆ, ಮನಸ್ಸು ಬದಲಾದರೆ ಮತ್ತೆ ಬಳಿಯಬಹುದು, ಆದ್ದರಿಂದ ನನ್ನ ಒಲವು ಬಣ್ಣದ ಕಡೆಗೇ. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಗೆ ಎರಡು ಕೋಟ್ ಬಳಿಯಲು ಸಾಮಾನ್ಯವಾಗಿ 2 ಲೀಟರ್ ಎಮಲ್ಷನ್ ಸಾಕಾಗುತ್ತದೆ. ಬಣ್ಣವನ್ನು ಆರಿಸುವಲ್ಲಿ ಮಾತ್ರ ಅವಸರ ಕೂಡದು. ಒಮ್ಮೆ ನಾನೇ ಮಧ್ಯಾಹ್ನದ ಬೆಳಕಿನಲ್ಲಿ ಎರಡು ಬೆರಳಗಲದ ಬಣ್ಣದ ಚೀಟಿಯನ್ನು ಗೋಡೆಗೆ ಹಿಡಿದು ತಿಳಿ ನೀಲಿಹಸಿರೊಂದನ್ನು ಮೆಚ್ಚಿ ತಂದು ಬಳಿದಿದ್ದೆ. ರಾತ್ರಿ ಹಳದಿ ದೀಪ ಹಚ್ಚಿದಾಗ ಗೋಡೆ ಬೂದಿ ಕಲಸಿದ ನೀರಿನಂತೆ ಕಂಡಿತು. ಮಲಗುವ ಕೋಣೆಯನ್ನು ನಾವು ಹೆಚ್ಚಾಗಿ ಕಾಣುವುದೇ ದೀಪದ ಬೆಳಕಿನಲ್ಲಿ ಎಂಬುದು ಆಗ ಹೊಳೆದಿರಲಿಲ್ಲ. ಅದಾದ ಮೇಲೆ ಎರಡಡಿ ಚೌಕದ ರಟ್ಟಿಗೆ ಬಣ್ಣ ಬಳಿದು, ಮಂಚದ ಹಿಂದೆ ನಿಲ್ಲಿಸಿ, ಬೆಳಿಗ್ಗೆ ಒಮ್ಮೆ ದೀಪದಲ್ಲಿ ಒಮ್ಮೆ ನೋಡದೆ ನಾನು ಡಬ್ಬಿಯ ಮುಚ್ಚಳ ತೆರೆಯುವುದಿಲ್ಲ. ಪಕ್ಕದ ಬಣ್ಣವೂ ಆಟ ಹೂಡುತ್ತದೆ. ಚಿತ್ರಗಳನ್ನು ನೇಯ್ದ ಗೋಡೆಬಟ್ಟೆಗಳಿಗೆ ಹೆಸರಾದ ಫ್ರಾನ್ಸಿನ ಗೊಬೆಲಿನ್ ಕಾರ್ಖಾನೆಯಲ್ಲಿ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನವಿಜ್ಞಾನಿ ಷೆವ್ರೂಲ್, ಒಂದರ ಪಕ್ಕ ಒಂದಿಟ್ಟ ಬಣ್ಣಗಳು ಪರಸ್ಪರರ ತೋರಿಕೆಯನ್ನೇ ಬದಲಿಸುತ್ತವೆ ಎಂದು 1839ರಲ್ಲಿ ವಿವರವಾಗಿ ಬರೆದ. ಆದ್ದರಿಂದ ರಟ್ಟನ್ನು ನಿಲ್ಲಿಸುವಾಗ ನೀವು ದಿನವೂ ಹಾಸುವ ಹೊದಿಕೆ ಮಂಚದ ಮೇಲೆ ಇರಲೇಬೇಕು.

ಮಿರುಗದ ಮ್ಯಾಟ್ ಬಣ್ಣ ಗೋಡೆಯ ಉಬ್ಬುತಗ್ಗುಗಳನ್ನು ಮರೆಸುತ್ತದೆ, ಆದರೆ ಜಿಡ್ಡನ್ನು ಒರೆಸಹೋದರೆ ಸಾಮಾನ್ಯವಾಗಿ ಕಲೆಗಟ್ಟುತ್ತದೆ. ಹೊಳಪಿನ ಬಣ್ಣ ಒರೆಸಲು ಸುಲಭವಾದರೂ ಒಂದೊಂದು ಉಬ್ಬನ್ನೂ ಎತ್ತಿ ತೋರಿಸುತ್ತದೆ. ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕಕ್ಕೆ ಬೆಳಕು ಬಿಟ್ಟರೆ ಪುಟ್ಟಿ ಎಲ್ಲೆಲ್ಲಿ ಬೇಕೆಂಬುದು ಕ್ಷಣದಲ್ಲಿ ತಿಳಿಯುತ್ತದೆ. ತೊಳೆಯಬಲ್ಲ, ನಸುಹೊಳಪಿನ ಎಮಲ್ಷನ್ ಇಲ್ಲಿ ಸರಿಯಾದ ನಡುದಾರಿ. ಇಡೀ ಗೋಡೆಗೆ ಬಳಿಯಲೇಬೇಕೆಂದೂ ಇಲ್ಲ, ಮಂಚಕ್ಕಿಂತ ಗೇಣಗಲ ಹೆಚ್ಚಾದ ಪಟ್ಟಿಯೊಂದನ್ನು ನೆಲದಿಂದ ಐದಡಿ ಎತ್ತರಕ್ಕೆ ಗಾಢ ಬಣ್ಣದಲ್ಲಿ ತುಂಬಿದರೆ ಹೆಡ್‌ಬೋರ್ಡ್, ಅಂದರೆ ತಲೆದೆಸೆಯ ಹಲಗೆ, ಇಲ್ಲದ ಮಂಚಕ್ಕೂ ಒಂದು ಹಿನ್ನೆಲೆ ಸಿಗುತ್ತದೆ.

ಚಿತ್ರ ತೂಗುಹಾಕುವವರು ಮಾಡುವ ಸಾಮಾನ್ಯ ತಪ್ಪು ಒಂದೇ, ತೀರ ಚಿಕ್ಕದನ್ನು ತೀರ ಎತ್ತರದಲ್ಲಿ ಹಾಕುವುದು. ಐದಡಿ ಅಗಲದ ಮಂಚದ ಮೇಲಿನ ಚಿತ್ರ, ಅಥವಾ ಚಿತ್ರಗಳ ಗುಂಪು, ಸುಮಾರು ಮೂರೂಕಾಲರಿಂದ ಮೂರೂಮುಕ್ಕಾಲು ಅಡಿ ಅಗಲವಿದ್ದರೆ ಹೊಂದುತ್ತದೆ. ಅದರ ಕೆಳಗಂಚು ಹೆಡ್‌ಬೋರ್ಡಿನಿಂದ 6ರಿಂದ 8 ಅಂಗುಲ ಮೇಲಿದ್ದರೆ ಚಿತ್ರವೂ ಮಂಚವೂ ಒಂದೇ ಸಂಸಾರದಂತೆ ಕಾಣುತ್ತವೆ. ಮೊಳೆ ಹೊಡೆಯುವ ಮೊದಲು ಅದೇ ಅಳತೆಯ ಹಳೆಯ ಪತ್ರಿಕೆಯ ಹಾಳೆ ಕತ್ತರಿಸಿ ಟೇಪಿನಿಂದ ಅಂಟಿಸಿ, ಬಾಗಿಲಿಗೆ ಹೋಗಿ ನೋಡಿ, ಬಳಿಕ ಮಂಚದ ಮೇಲೆ ನೆಟ್ಟಗೆ ಕುಳಿತು ಹಿಂದಕ್ಕೊರಗಿ. ಹಾಳೆ ತಲೆಗೆ ತಾಗಿ ಸರಬರ ಸದ್ದು ಮಾಡಿದರೆ, ನಾಳೆ ಅಲ್ಲಿ ತಾಗುವುದು ಚೌಕಟ್ಟಿನ ಮೂಲೆ. ನಿದ್ದೆಯಲ್ಲಿರುವವರ ತಲೆಯ ಮೇಲೆ ಗಾಜಿನ ಭಾರದ ಚೌಕಟ್ಟು, ಪುಸ್ತಕದ ಕಪಾಟು ಇವೆರಡನ್ನೂ ನಾನು ಒಪ್ಪುವುದಿಲ್ಲ. ಗಾಜಿನ ಬದಲು ಅಕ್ರಿಲಿಕ್ ಇರಲಿ, ಒಂದು ಮೊಳೆಯ ಬದಲು ಪ್ಲಗ್ ಹಾಕಿದ ಎರಡು ಸ್ಕ್ರೂಗಳಿರಲಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ಡ್ರಿಲ್ ಹಾಕಬೇಡಿ, ವಯರುಗಳು ಸಾಮಾನ್ಯವಾಗಿ ಅದೇ ದಾರಿಯಲ್ಲಿರುತ್ತವೆ.

ಇವೆಲ್ಲಕ್ಕಿಂತ ಹಗುರವಾದದ್ದು ಬಟ್ಟೆ. ದಪ್ಪ ನೇಯ್ಗೆಯ ಬಟ್ಟೆಯೊಂದನ್ನು ಮರದ ಕೋಲಿನಿಂದ ಇಳಿಬಿಟ್ಟರೆ ಕೋಣೆಯ ಪ್ರತಿಧ್ವನಿ ತುಸು ತಗ್ಗುತ್ತದೆ, ಗೋಡೆಯ ತಣುಪು ಬೆನ್ನಿಗೆ ತಟ್ಟುವುದಿಲ್ಲ, ಬಿದ್ದರೂ ಪೆಟ್ಟಾಗುವುದಿಲ್ಲ. ಧೂಳು ಹಿಡಿಯುತ್ತದೆ ಎಂಬುದು ನಿಜ, ಆದ್ದರಿಂದ ಬಿಚ್ಚಿ ಒಗೆಯುವಂತಿರಬೇಕು.

ಬಣ್ಣ ಬಳಿದ ದಿನ ಕಿಟಕಿಗಳನ್ನು ತೆರೆದಿಟ್ಟು ಆ ರಾತ್ರಿ ಬೇರೆ ಕೋಣೆಯಲ್ಲಿ ಮಲಗಿರಿ. ಮರುದಿನ ಮಂಚವನ್ನು ಹಿಂದಕ್ಕೆ ತಳ್ಳುವಾಗ ಗೋಡೆಗೆ ಪೂರ್ತಿ ತಾಗಿಸದೆ ಮೂರು ಬೆರಳಗಲ ಜಾಗ ಬಿಡಿ. ಹೊಸ ಬಣ್ಣ ಉಜ್ಜಿಹೋಗುವುದಿಲ್ಲ, ಮಂಚದ ಹಿಂದೆ ಗಾಳಿಯೂ ಆಡುತ್ತಿರುತ್ತದೆ.