ಚಳಿಗಾಲದ ಉಪ್ಪಿನ ಕೆರೆ: ಯೂಟಾದಲ್ಲಿ ಒಂದು ಹಗಲು

ಎಲ್ಲರಿಗೂ ನಮಸ್ಕಾರ.

ಮಗಳ ಮನೆಗೆಂದೋ ಕಂಪನಿ ಕೆಲಸಕ್ಕೆಂದೋ ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಹೋಗುವವರು ಗ್ರೇಟ್ ಸಾಲ್ಟ್ ಲೇಕನ್ನು ಬೇಸಿಗೆಗೆ ಮುಂದೂಡುತ್ತಾರೆ. ಚಳಿಗಾಲದಲ್ಲೇ ಹೋಗಿ ಎಂದು ಹೇಳುವುದಕ್ಕಾಗಿಯೇ ಈ ಮಾತು. ಏಪ್ರಿಲ್ ಕೊನೆಯಿಂದ ಅಲ್ಲಿ ಕಚ್ಚುವ ನುಸಿ, ಆಮೇಲೆ ದಡದ ತುಂಬ ನೊಣ. ಜನವರಿಯಲ್ಲಿ ಎರಡೂ ಇಲ್ಲ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಆ ಕೆರೆಯಲ್ಲಿ ಚಳಿ ಮಾಡುವ ಒಂದು ಕೆಲಸವನ್ನು ಬಿಸಿಲು ಮಾಡಲಾರದು.

ನಮ್ಮ ಸಾಣಿಕಟ್ಟೆಯ ಉಪ್ಪಿನಾಗರ ನೋಡಿದವರಿಗೆ ಉಪ್ಪು ಹುಟ್ಟುವ ಬಗೆ ಗೊತ್ತು: ಬಿಸಿಲಿಗೆ ನೀರು ಆರಬೇಕು, ಆಗ ಹರಳು ಕಟ್ಟುತ್ತದೆ. ಚಳಿಯಿಂದ ಏನೂ ಆಗದು. ಏಕೆಂದರೆ ನೂರು ಗ್ರಾಂ ನೀರಿನಲ್ಲಿ ಅಡುಗೆ ಉಪ್ಪು 0 ಡಿಗ್ರಿಯಲ್ಲೂ ಸುಮಾರು 36 ಗ್ರಾಂ ಕರಗುತ್ತದೆ, 30 ಡಿಗ್ರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಗ್ರೇಟ್ ಸಾಲ್ಟ್ ಲೇಕಿನಲ್ಲಿ ಸೋಡಿಯಂ ಸಲ್ಫೇಟ್ ಕೂಡ ಇದೆ. ಅದು 30 ಡಿಗ್ರಿಯಲ್ಲಿ 40 ಗ್ರಾಂ ಕರಗಿದರೆ, 0 ಡಿಗ್ರಿಯಲ್ಲಿ ಬರೀ 5 ಗ್ರಾಂ. ಸಕ್ಕರೆ ಪಾಕ ತಣಿದಾಗ ತಳದಲ್ಲಿ ಹರಳು ಕೂರುವ ಹಾಗೆ, ನೀರು ತಣ್ಣಗಾದೊಡನೆ ಅದು ಹೊರಬೀಳುತ್ತದೆ. ಆ ಹರಳಿನ ಹೆಸರು ಮಿರಾಬಿಲೈಟ್. ಸಲ್ಫೇಟಿನ ಒಂದೊಂದು ಅಣುವಿಗೆ ನೀರಿನ ಹತ್ತು ಅಣುಗಳನ್ನು ಹಿಡಿದುಕೊಂಡ, ಗಾಜಿನಂತೆ ಹೊಳೆಯುವ ಹರಳು.

ಕೆರೆಯ ದಕ್ಷಿಣ ದಡದ ಸ್ಟೇಟ್ ಪಾರ್ಕಿನ ಬಳಿ 2019ರ ಚಳಿಗಾಲದಲ್ಲಿ ಈ ಹರಳಿನ ದಿಬ್ಬಗಳೇ ಕಾಣಿಸಿಕೊಂಡವು. ನೀರು ಇಳಿದು ಬಯಲಾದ ನೆಲದಲ್ಲಿ ಸಲ್ಫೇಟ್ ತುಂಬಿದ ಬೆಚ್ಚನೆಯ ಬುಗ್ಗೆಗಳಿವೆ. ಉಕ್ಕಿದ ನೀರು ಕೊರೆಯುವ ಗಾಳಿಗೆ ಸಿಕ್ಕ ಕೂಡಲೇ ಹರಳಾಗಿ, ಪದರದ ಮೇಲೆ ಪದರ ಕೂತು, ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ. ಇದು ಪ್ರತಿ ವರ್ಷದ ಖಾತರಿಯಲ್ಲ. ಚಳಿ ಸಾಲದಿದ್ದರೆ ದಿಬ್ಬವಿಲ್ಲ; ಕೆರೆಯ ನೀರು ಮೇಲೇರಿ ಬುಗ್ಗೆ ಮುಳುಗಿದರೂ ಇಲ್ಲ. ಹೊರಡುವ ಮುನ್ನ ಪಾರ್ಕಿನವರನ್ನು ವಿಚಾರಿಸಿ, ಅವರು ಕರೆದೊಯ್ಯುವ ನಡಿಗೆಯಲ್ಲೇ ಹೋಗಿ. ಕಾಲಿಟ್ಟರೆ ಪದರ ಕುಸಿಯುತ್ತದೆ. ಒಂದು ಚೂರು ಎತ್ತಿ ತರುವ ಆಸೆಯೂ ಬೇಡ. ಬೆಚ್ಚನೆಯ ಒಣ ಕೋಣೆಯಲ್ಲಿ ಅದು ತನ್ನೊಳಗಿನ ನೀರು ಬಿಟ್ಟು ಬಿಳಿ ಹಿಟ್ಟಾಗಿಬಿಡುತ್ತದೆ.

ಅಲ್ಲಿಂದ ಆಂಟಲೋಪ್ ದ್ವೀಪಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಸಿರಕ್ಯೂಸ್ ಊರಿನಿಂದ ನೀರಿನ ನಡುವೆ 11 ಕಿಲೋಮೀಟರ್ ಏರಿ ರಸ್ತೆ. ದ್ವೀಪದಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಊಟವನ್ನೂ ಅಲ್ಲಿ ನೆಚ್ಚಬೇಡಿ. ಚಪಾತಿಯೋ ಚಿತ್ರಾನ್ನವೋ ಕಟ್ಟಿಕೊಳ್ಳಿ, ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಡಿಸೆಂಬರ್ ಕೊನೆಯಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುವುದರಿಂದ ಹನ್ನೊಂದರ ಒಳಗೆ ದ್ವೀಪ ಸೇರಬೇಕು.

ದಿನ ಆರಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಹಿಮ ಬೀಳದೆ ಗಾಳಿ ನಿಂತ ದಿನವೇ ಒಳ್ಳೆಯದು ಅಂದುಕೊಳ್ಳುತ್ತಾರೆ. ಅಂಥ ದಿನಗಳು ಸಾಲಾಗಿ ಬಂದರೆ ಕಣಿವೆಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು, ಹೊಗೆಯೂ ಮಂಜೂ ಒಳಗೇ ಉಳಿಯುತ್ತವೆ. ಕೆರೆಯೇ ಕಾಣದು, ಉಬ್ಬಸ ಇರುವವರಿಗೆ ಕಷ್ಟ. ಹಿಮಗಾಳಿ ಬಂದುಹೋದ ಮರುದಿನ, ರಸ್ತೆಯ ಹಿಮ ತೆಗೆದ ಮೇಲೆ ಹೊರಡಿ. ಆಗ ಎದುರಿನ ಬೆಟ್ಟಗಳ ಮೈಮೇಲೆ ಗೆರೆ ಎಳೆದಂಥ ಹಳೆಯ ದಡಗಳು ಎದ್ದು ಕಾಣುತ್ತವೆ. ಹಿಮಯುಗದಲ್ಲಿ ಇಲ್ಲಿದ್ದ ಬಾನವಿಲ್ ಸರೋವರದ ನೀರು ಇಂದಿನ ಮಟ್ಟಕ್ಕಿಂತ ಸುಮಾರು 300 ಮೀಟರ್ ಮೇಲಿತ್ತು. ಆ ಗೆರೆ ನೋಡಿ, ಕೆಳಗಿನ ನೀರು ನೋಡಿ. ಹೊಳೆಗಳ ನೀರನ್ನು ಹೊಲಕ್ಕೂ ಊರಿಗೂ ತಿರುಗಿಸಿಕೊಂಡಿದ್ದಕ್ಕೆ ಬರವೂ ಸೇರಿ, 2022ರ ನವೆಂಬರಿನಲ್ಲಿ ಈ ಕೆರೆ ದಾಖಲೆಯಲ್ಲೇ ಅತಿ ಕೆಳಮಟ್ಟಕ್ಕೆ ಇಳಿದಿತ್ತು. ನೋಡಿದರೆ ಸಂಕಟವಾಗುತ್ತದೆ.

ದ್ವೀಪದ ಬ್ರಿಡ್ಜರ್ ಬೇ ದಡದ ಮರಳನ್ನು ಅಂಗೈಗೆ ಹಾಕಿಕೊಳ್ಳಿ. ಸಾಮಾನ್ಯ ಮರಳಿನ ಮೂಲೆ ಮೊನೆ ಇದಕ್ಕಿಲ್ಲ, ಕಾಳು ಕಾಳೂ ದುಂಡಗೆ, ನುಣ್ಣಗೆ. ಕೆರೆಯ ಉಪ್ಪುನೀರಿನ ಪುಟ್ಟ ಸಿಗಡಿಯ ಹಿಕ್ಕೆಯೋ ಕಲ್ಲಿನ ಕಣವೋ ಅಲೆಗೆ ಉರುಳುರುಳಿ, ಸುತ್ತ ಸುಣ್ಣದ ಪದರ ಕಟ್ಟಿಕೊಂಡು ಹೀಗಾಗಿದೆ. ಈ ಮರಳು ಕಾಲಿಗೆ ಗಟ್ಟಿ, ಧೈರ್ಯವಾಗಿ ನಡೆಯಬಹುದು. ಮೋಸವಿರುವುದು ಬೂದು ಬಣ್ಣದ, ಒಣಗಿದಂತೆ ಕಾಣುವ ಬಯಲಿನಲ್ಲಿ. ಮೇಲೆ ಉಪ್ಪಿನ ತೆಳು ಹಪ್ಪಳ, ಕೆಳಗೆ ಕೆಸರು. ಒಂದು ಹೆಜ್ಜೆ ಹೂತರೆ ಅದೇ ಜಾಡಿನಲ್ಲಿ ಹಿಂದಕ್ಕೆ ಬನ್ನಿ, ಮುಂದಕ್ಕೆ ದಾಟಲು ಹೋಗಬೇಡಿ.

ಕೆರೆ ಹೆಪ್ಪುಗಟ್ಟಿದೆ ಅನಿಸಿದರೂ ನಂಬಬೇಡಿ. ನೂರಕ್ಕೆ ಹದಿನೈದರಷ್ಟು ಉಪ್ಪಿರುವ ನೀರು ಹೆಪ್ಪುಗಟ್ಟಲು ಸೊನ್ನೆಗಿಂತ 11 ಡಿಗ್ರಿ ಕೆಳಗಿನ ಚಳಿ ಬೇಕು. ಅಂಚಿನಲ್ಲಿ ಕಾಣುವ ಮಂಜುಗಡ್ಡೆ ಬಹುಪಾಲು ಹೊಳೆಯ ಸಿಹಿನೀರಿನದು. ಹಗುರಾದ್ದರಿಂದ ಆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿ ಅಲ್ಲೇ ಗಟ್ಟಿಯಾಗುತ್ತದೆ. ಆ ಮಂಜುಗಡ್ಡೆ ಆಳಿನ ಭಾರ ತಡೆಯದು.

ಕಾಡೆಮ್ಮೆಯಂಥ ಬೈಸನ್‌ಗಳನ್ನು, 12ರ ಹಿಂಡನ್ನು, 1893ರಲ್ಲಿ ಈ ದ್ವೀಪಕ್ಕೆ ತಂದು ಬಿಟ್ಟರು. ಈಗ ನೂರಾರು ಇವೆ. ಚಳಿಗಾಲದಲ್ಲಿ ಅವು ತಲೆಯನ್ನೇ ಸಲಿಕೆ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ಹಿಮ ಸರಿಸಿ ಹುಲ್ಲು ಮೇಯುತ್ತವೆ. ಕಾರಿನೊಳಗಿಂದಲೇ ನೋಡಿ, ಇಳಿದರೆ ಕನಿಷ್ಠ 25 ಮೀಟರ್ ದೂರವಿರಲಿ. ಬಾಲ ಮೇಲೆತ್ತಿತೆಂದರೆ ಕೆರಳಿದೆ ಎಂದರ್ಥ, ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. ಏರಿ ರಸ್ತೆಯ ಇಕ್ಕೆಲದ ನೀರಿನಲ್ಲಿ ಸಲಿಕೆಯಂಥ ಕೊಕ್ಕಿನ ಶವಲರ್ ಬಾತುಗಳನ್ನು ಗುರುತಿಸಿ. ಇದೇ ಜಾತಿ ಚಳಿಗಾಲಕ್ಕೆ ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತದೆ.

ಬಟ್ಟೆ ಮೂರು ಪದರ, ಹೊರಗಿನದು ಗಾಳಿ ತಡೆಯುವಂಥದ್ದು. ಹಿಮವೂ ಉಪ್ಪೂ ಬೆಳಕನ್ನು ಮುಖಕ್ಕೇ ಎರಚುವುದರಿಂದ ಕಪ್ಪು ಕನ್ನಡಕ ಮರೆಯಬೇಡಿ. ಚರ್ಮದ ಬೂಟು ಬೇಡ, ಉಪ್ಪು ಕುಡಿದು ಬಿರಿಯುತ್ತದೆ. ರಬ್ಬರಿನದಾದರೂ ಅಂದೇ ರಾತ್ರಿ ಸಿಹಿನೀರಿನಲ್ಲಿ ತೊಳೆಯಿರಿ. ಬಾಡಿಗೆ ಕಾರನ್ನು ಹಿಂದಿರುಗಿಸುವ ಮುಂಚೆ ಅಡಿಭಾಗಕ್ಕೂ ನೀರು ಹೊಡೆಸಿ. ಚಕ್ರದ ಮೇಲಿನ ಗೂಡಿನಲ್ಲಿ ಕೂತ ಕೆಸರು ಕಣ್ಣಿಗೆ ಬೀಳುವುದಿಲ್ಲ, ಅಲ್ಲೇ ಕಬ್ಬಿಣ ತಿನ್ನುತ್ತಿರುತ್ತದೆ.