ಕಿಂಡಿಯಾಚೆ ಎಂಟು ಗಾಬ್ಲಿನ್‌ಗಳು

ಕೇಳುಗರಿಗೆ ನಮಸ್ಕಾರ.

ದುರ್ಗದ ಕೋಟೆ ಹತ್ತಿದವರೆಲ್ಲ ಓಬವ್ವನ ಕಿಂಡಿಯ ಮುಂದೆ ಒಂದು ಗಳಿಗೆ ನಿಂತಿರುತ್ತೀರಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಅಲ್ಲಿ ನುಸುಳಿದರು, ಓಬವ್ವ ಮಗ್ಗುಲಲ್ಲಿ ನಿಂತು ಒನಕೆಯಿಂದ ಬಡಿದು ಹೆಣಗಳನ್ನು ಪಕ್ಕಕ್ಕೆ ಎಳೆದು ಹಾಕಿದಳು ಎಂಬ ಕಥೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟಗಳಲ್ಲಿ ಕಾಳಗ ಯಾಕೆ ಕಷ್ಟವಾಗುತ್ತದೆ, ಯಾಕೆ ಸಪ್ಪೆಯಾಗುತ್ತದೆ ಎಂಬುದನ್ನು ತಿಳಿಯಲು ಈ ಕಿಂಡಿಯೇ ಸಾಕು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಹೊರಬಂದದ್ದು 1974ರಲ್ಲಿ. ಆಟ ನಡೆಸುವವರು ಡಂಜನ್ ಮಾಸ್ಟರ್. ಶತ್ರುಗಳನ್ನು ಆಡಿಸುವುದೂ ಅವರ ಕೆಲಸ. ಎಷ್ಟು ಶತ್ರುಗಳನ್ನು ಇಳಿಸಬೇಕು ಎಂಬಲ್ಲಿ ಹೊಸಬರು ಎಡವುತ್ತಾರೆ.

2014ರ ನಿಯಮಗಳ ಲೆಕ್ಕ ನೋಡಿ. ಪ್ರತಿ ಶತ್ರುವಿಗೂ ಇಂತಿಷ್ಟು ಅಂಕ ಎಂದಿದೆ, ಅವುಗಳ ಮೊತ್ತದಿಂದ ಕಾಳಗದ ಕಷ್ಟ ಅಳೆಯುತ್ತಾರೆ. ಮೂರನೇ ಹಂತದ ನಾಲ್ಕು ಪಾತ್ರಗಳ ತಂಡಕ್ಕೆ 300 ಅಂಕದಿಂದ ಕಾಳಗ ಸುಲಭ, 600ರಿಂದ ಮಧ್ಯಮ, 900ರಿಂದ ಕಠಿಣ, 1600ರಿಂದ ಪ್ರಾಣಾಂತಿಕ. ಒಂದು ಓಗರ್ ರಾಕ್ಷಸನಿಗೆ 450 ಅಂಕ. ಗಾಬ್ಲಿನ್ ಎಂಬ ಕುಳ್ಳ ಜೀವಿಗೆ ಬರೀ 50, ಎಂಟಕ್ಕೆ 400. ಹಾಗಾದರೆ ಓಗರ್ ಹೆಚ್ಚು ಅಪಾಯವೇ? ಅಲ್ಲ. ಏಳರಿಂದ ಹತ್ತು ಶತ್ರುಗಳಿದ್ದರೆ ಮೊತ್ತವನ್ನು ಎರಡೂವರೆಯಿಂದ ಗುಣಿಸಬೇಕು. 400 ಇದ್ದದ್ದು 1000 ಆಗಿ ಕಾಳಗ ಕಠಿಣದ ಸಾಲಿಗೆ ಏರುತ್ತದೆ. ಒಂಟಿ ಓಗರ್ ಸುಲಭದ ಸಾಲಿನಲ್ಲೇ ಉಳಿಯುತ್ತಾನೆ.

ಕಾರಣ ಸರದಿಗಳ ಎಣಿಕೆ: ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರಿಗೂ ಒಂದೊಂದು ಸರದಿ. ನಿಮ್ಮ ಪಾತ್ರದ ಆರ್ಮರ್ ಕ್ಲಾಸ್, ಅಂದರೆ ಏಟು ತಾಗಲು ಶತ್ರು ಮುಟ್ಟಬೇಕಾದ ಅಂಕಿ, 16 ಎಂದುಕೊಳ್ಳಿ. ಓಗರ್ ಇಪ್ಪತ್ತು ಮುಖದ ದಾಳಕ್ಕೆ 6 ಕೂಡಿಸುತ್ತಾನೆ, 10 ಅಥವಾ ಹೆಚ್ಚು ಬಿದ್ದರೆ ಏಟು ತಾಗುತ್ತದೆ, ಅಂದರೆ ನೂರಕ್ಕೆ 55 ಸಲ. ಏಟಿನ ಸರಾಸರಿ 13. ಒಂದು ಸುತ್ತಿಗೆ ಸುಮಾರು 7 ಹಾನಿ. ಗಾಬ್ಲಿನ್ ಕೂಡಿಸುವುದು 4, ತಾಗುವುದು ನೂರಕ್ಕೆ 45 ಸಲ, ಏಟಿಗೆ ಐದೂವರೆ. ಎಂಟೂ ಹೊಡೆದರೆ ಸುತ್ತಿಗೆ ಸುಮಾರು 20. ಎಂಟೂ ಸೇರಿ ತಂಡದ ಮಂತ್ರವಾದಿ ವಿಜರ್ಡ್ ಮೇಲೆ ಬಿದ್ದರೆ ಅವನ ಗತಿ ಒಂದೇ ಸುತ್ತಿಗೆ ಮುಗಿಯಬಹುದು.

2024ರ ಪರಿಷ್ಕೃತ ನಿಯಮದಲ್ಲಿ ಈ ಗುಣಾಕಾರವನ್ನು ಕೈಬಿಟ್ಟಿದ್ದಾರೆ. ಅದರ ಪ್ರಕಾರ ಇದೇ ತಂಡಕ್ಕೆ ಕನಿಷ್ಠ ಕಷ್ಟದ ಮಿತಿಯೇ 600, ಎಂಟು ಗಾಬ್ಲಿನ್‌ಗಳು ಅದನ್ನೂ ಮುಟ್ಟುವುದಿಲ್ಲ. ಲೆಕ್ಕ ಹಗುರವಾಯಿತು ನಿಜ. ಆದರೆ ಶತ್ರುಗಳ ಸಂಖ್ಯೆ ಆಟಗಾರರ ಎರಡರಷ್ಟಾದರೆ ಹಳೆಯ ಗುಣಾಕಾರವನ್ನೂ ಒಮ್ಮೆ ಹಾಕಿ ನೋಡುವುದು ಕ್ಷೇಮ ಎಂದೇ ನನ್ನ ಅಭಿಪ್ರಾಯ.

ಈಗ ಅದೇ ಎಂಟು ಗಾಬ್ಲಿನ್‌ಗಳನ್ನು ಕಿಂಡಿಯಾಚೆ ನಿಲ್ಲಿಸಿ. ಒಂದು ಸಲಕ್ಕೆ ಒಂದೇ ನುಸುಳಬಹುದು. 2014ರ ನಿಯಮದಂತೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವನ ಮೇಲೆ ಹೊಡೆಯುವವರು ಎರಡು ದಾಳ ಉರುಳಿಸಿ ದೊಡ್ಡದನ್ನು ಆರಿಸಿಕೊಳ್ಳುತ್ತಾರೆ. ಗಾಬ್ಲಿನ್‌ನ ಆರ್ಮರ್ ಕ್ಲಾಸ್ 15. ದಾಳಕ್ಕೆ 5 ಕೂಡಿಸುವ ಫೈಟರ್‌ನ ಏಟು ನೂರಕ್ಕೆ 55ರ ಬದಲು 80 ಸಲ ತಾಗುತ್ತದೆ. ಗಾಬ್ಲಿನ್‌ನ ಜೀವ ಬರೀ 7, ಅಷ್ಟು ಹಾನಿಯಾದರೆ ಅದರ ಕಥೆ ಮುಗಿಯಿತು.

ಇಲ್ಲಿ ಆಟಗಾರರು ಮಾಡುವ ಮೊದಲ ತಪ್ಪು ಕಿಂಡಿಯ ನೇರಕ್ಕೆ ನಿಲ್ಲುವುದು. ಗಾಬ್ಲಿನ್‌ಗಳ ಬಳಿ 80 ಅಡಿ ಸಲೀಸಾಗಿ ಹೋಗುವ ಬಿಲ್ಲುಗಳಿವೆ. ಓಬವ್ವನಂತೆ ಮಗ್ಗುಲಿಗೆ, ಗೋಡೆಯ ಮರೆಗೆ ನಿಲ್ಲಿ. ನಿಮ್ಮ ಸರದಿಯಲ್ಲಿ ಹೊಡೆಯದೆ, ಹೊಡೆಯಲು ಸಿದ್ಧವಾಗಿ ಕಾಯುತ್ತೇನೆ ಎನ್ನಿ. ಷರತ್ತನ್ನು ಸ್ಪಷ್ಟವಾಗಿ ಹೇಳಿ: ತಲೆ ಹೊರಗೆ ಬಂದು ಮೈ ಇನ್ನೂ ಒಳಗಿರುವಾಗ. ಪೂರ್ತಿ ಹೊರಬಂದ ಮೇಲೆ ಎಂದರೆ ಇಕ್ಕಟ್ಟಿನ ಲಾಭ ಹೋಯಿತು. ಹೀಗೆ ಕಾದು ಹೊಡೆದರೆ ಆ ಸುತ್ತಿನ ರಿಯಾಕ್ಷನ್, ಅಂದರೆ ಬೇರೆಯವರ ಸರದಿಯಲ್ಲೂ ಮಾಡಬಹುದಾದ ಒಂದು ಕೆಲಸ, ಖರ್ಚಾಗುತ್ತದೆ, ಇನ್ನೊಬ್ಬ ಪಕ್ಕದಿಂದ ಓಡಿಹೋದರೆ ಹೊಡೆಯಲಾಗದು. ಮಂತ್ರವನ್ನು ಹೀಗೆ ಕಾಯಿಸುವುದು ಇನ್ನೂ ದುಬಾರಿ: ಶತ್ರು ಬರದೇ ಹೋದರೂ ಮಂತ್ರದ ಸ್ಲಾಟ್, ಅಂದರೆ ದಿನಕ್ಕೆ ಇಷ್ಟೇ ಎಂದಿರುವ ಮಂತ್ರಗಳ ಲೆಕ್ಕದಲ್ಲಿ ಒಂದು, ಹೋಗಿಯೇ ಹೋಗುತ್ತದೆ.

ಡಂಜನ್ ಮಾಸ್ಟರ್‌ಗಳೇ, ನಿಮ್ಮ ಗಾಬ್ಲಿನ್‌ಗಳು ಸಾಲಾಗಿ ಬಂದು ಸಾಯಬೇಕಾಗಿಲ್ಲ. ಮುಂದೆ ಹೋದ ಇಬ್ಬರ ಹೆಣ ಕಂಡರೆ ಮೂರನೆಯವನು ನಿಲ್ಲಲಿ. ಓಬವ್ವ ಹೆಣಗಳನ್ನು ಎಳೆದು ಹಾಕಿದ್ದು ಇದಕ್ಕೇ, ಆಟಗಾರರೂ ಆ ಕೆಲಸ ಮಾಡಿದರೆ ಮೂರನೆಯವನನ್ನೂ ಒಳಗೆ ಬಿಡಿ. ಮಾಡದಿದ್ದರೆ ಉಳಿದವರು ಒಣಹುಲ್ಲಿಗೆ ಬೆಂಕಿ ಹಚ್ಚಿ ಹೊಗೆ ಹಾಕಲಿ, ಬೇರೆ ದಾರಿ ಹುಡುಕಲಿ. ಕಾಳಗ ಬೇಗ ಮುಗಿಯುತ್ತಿದೆ ಎಂದು ಶತ್ರುಗಳ ಜೀವವನ್ನು ನಡುವೆ ಹೆಚ್ಚಿಸಬೇಡಿ. ಕಷ್ಟ ಹೆಚ್ಚುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ನಕ್ಷೆ ಬರೆಯುವಾಗ ದುರ್ಗದ ಬಾಗಿಲುಗಳ ದಾರಿಯಂತೆ ತಿರುವು ಕೊಡಿ, ದೂರದ ಬಿಲ್ಲಿಗೆ ನೇರ ನೋಟ ಸಿಗದು. ಬಂಡೆಗಳ ಇಳಿಜಾರಿನಲ್ಲಿ ಸರದಿಗೆ 30 ಅಡಿಯ ನಡಿಗೆ 15ಕ್ಕೆ ಇಳಿಯಲಿ.

ಇನ್ನೊಂದು ವಿಷಯ ವಿಶ್ರಾಂತಿಯದು. ದಿನದ ಕೊನೆಯ ದೀರ್ಘ ವಿಶ್ರಾಂತಿಯಲ್ಲಿ ಖರ್ಚಾದ ಮಂತ್ರಗಳು ಮರಳಿ ಬರುತ್ತವೆ. 2014ರ ಪುಸ್ತಕ ಆಟದೊಳಗಿನ ಒಂದು ದಿನಕ್ಕೆ ಮಧ್ಯಮ ಅಥವಾ ಕಠಿಣವಾದ ಆರರಿಂದ ಎಂಟು ಕಾಳಗಗಳನ್ನು ಲೆಕ್ಕಕ್ಕೆ ಹಿಡಿದಿದೆ. ದಿನಕ್ಕೊಂದೇ ಕಾಳಗ ಕೊಟ್ಟರೆ ವಿಜರ್ಡ್ ತನ್ನ ಮಂತ್ರಗಳನ್ನೆಲ್ಲ ಅಲ್ಲೇ ಸುರಿಯುತ್ತಾನೆ, ಪ್ರಾಣಾಂತಿಕವೆಂದು ಬರೆದುಕೊಂಡದ್ದೂ ಹಗುರವಾಗುತ್ತದೆ. ಒಂದೇ ಕಾಳಗಕ್ಕೆ ಹೊತ್ತಿದ್ದರೆ ಎಂಟನ್ನೂ ಒಟ್ಟಿಗೆ ಇಳಿಸಬೇಡಿ: ಮೊದಲು ಐದು, ಮೂರನೇ ಸುತ್ತಿನಲ್ಲಿ ಬೆನ್ನ ಹಿಂದಿನಿಂದ ಮೂರು. ಹಿಂದಿನಿಂದ ಬರುವವರ ಹೆಜ್ಜೆ ಸದ್ದು ಎರಡನೇ ಸುತ್ತಿನಲ್ಲೇ ಆಟಗಾರರ ಕಿವಿಗೆ ಬೀಳಲಿ. ಕಿಂಡಿ ಬಿಡಬೇಕೋ, ಹಿಡಿದೇ ನಿಲ್ಲಬೇಕೋ ಎಂದು ನಿರ್ಧರಿಸಲು ಅವರಿಗೆ ಒಂದು ಸರದಿಯಾದರೂ ಸಿಗಬೇಕು.

ನಮಸ್ಕಾರ.