ಬಿಟ್ಟ ಹುಡುಗರ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಊಟಕ್ಕೆ ಮೊದಲು ಮಾತಾಡಿ ಅಂತ ಸಂಘದವರು ಹೇಳಿದ್ದಾರೆ. ಬಿಸಿಬೇಳೆಬಾತ್ ವಾಸನೆ ಆಗಲೇ ಬರುತ್ತಿದೆ. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ಒಂದು ಪ್ರಶ್ನೆ. 2008ರ ಐಪಿಎಲ್ ಹರಾಜಿನಲ್ಲಿ ಆರ್‌ಸಿಬಿ ವಿರಾಟ್ ಕೊಹ್ಲಿಯನ್ನು ಎಷ್ಟಕ್ಕೆ ಕೊಂಡಿತು?

ಹಿಂದಿನ ಸಾಲಿನಲ್ಲಿ ಯಾರೋ ಫೋನ್ ತೆಗೆದರು. ಒಳಗೆ ಇಡಿ ಸ್ವಾಮಿ, ಇದು ಮೋಸದ ಪ್ರಶ್ನೆ. ಹರಾಜಿನಲ್ಲಿ ಕೊಳ್ಳಲೇ ಇಲ್ಲ. ಆ ವರ್ಷ 19ರೊಳಗಿನ ಹುಡುಗರಿಗೆ ಬೇರೆ ವ್ಯವಸ್ಥೆ ಇತ್ತು. ತಂಡಗಳು ಸರದಿ ಪ್ರಕಾರ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳಬೇಕು. ಮೊದಲ ಸರದಿ ದೆಹಲಿಯದು. ಕೊಹ್ಲಿ ದೆಹಲಿಯವನೇ, ಕಿರಿಯರ ವಿಶ್ವಕಪ್ ಗೆದ್ದು ಆಗಷ್ಟೇ ಬಂದಿದ್ದ ನಾಯಕ. ಆದರೆ ದೆಹಲಿ ತಂಡದಲ್ಲಿ ಸೆಹ್ವಾಗ್, ಗಂಭೀರ್ ಇದ್ದರು. ಬ್ಯಾಟಿಂಗ್‌ಗೆ ಬರ ಇರಲಿಲ್ಲ. ಬೌಲರ್ ಇರಲಿ ಅಂತ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡರು. ಕೊಹ್ಲಿ ಬೆಂಗಳೂರಿಗೆ ಬಂದ.

ಆವತ್ತಿನ ಮಟ್ಟಿಗೆ ದೆಹಲಿಯವರ ತರ್ಕದಲ್ಲಿ ತಪ್ಪೇನಿತ್ತು? ಏನೂ ಇಲ್ಲ. ಆದರೆ ಇವತ್ತು ಆ ಊರಿನ ಒಬ್ಬ ಅಭಿಮಾನಿಯನ್ನು ಮಾತಾಡಿಸಿ ನೋಡಿ. ಅವನಿಗೆ ಆರಿಸಿದ ಹುಡುಗನಿಗಿಂತ ಬಿಟ್ಟ ಹುಡುಗನೇ ಜಾಸ್ತಿ ನೆನಪಿರುತ್ತಾನೆ.

ನಾವು ಬಂದು ನೆಲೆಸಿರುವ ಈ ಅಮೆರಿಕದಲ್ಲಿ, ಬೇಸ್‌ಬಾಲ್‌ನಲ್ಲಿ, ಇದೇ ಆಟ 1965ರಿಂದ ಪ್ರತಿವರ್ಷ ನಡೆಯುತ್ತಿದೆ. ಅದರ ಹೆಸರು ಡ್ರಾಫ್ಟ್. ಮುಂಚೆ ಜೂನ್‌ನಲ್ಲಿ ನಡೆಯುತ್ತಿತ್ತು, 2021ರಿಂದ ಜುಲೈಗೆ ಬಂದಿದೆ. ಅದಕ್ಕೆ ಮೊದಲಿನ ಐದಾರು ತಿಂಗಳು ಅಭಿಮಾನಿಗಳು ಇನ್ನೂ ಮೀಸೆ ಮೂಡದ ಹುಡುಗರ ಬಗ್ಗೆ ಜಗಳ ಆಡುತ್ತಾರೆ. ಆ ಜಗಳದ ಬಗ್ಗೆಯೇ ನನ್ನ ಇವತ್ತಿನ ಮಾತು.

ನಿಯಮ ಬೇಗ ಹೇಳಿ ಮುಗಿಸುತ್ತೇನೆ. 30 ತಂಡ, 20 ಸುತ್ತು. ಹೋದ ವರ್ಷ ಚೆನ್ನಾಗಿ ಸೋತವರಿಗೆ ಮೊದಲ ಸರದಿ. ಬೇಕಂತಲೇ ಸೋಲುತ್ತಾರೆ ಅನ್ನುವ ಅನುಮಾನ ಬಂದು, 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಕ್ಕೆ ಲಾಟರಿ ಇಟ್ಟಿದ್ದಾರೆ. ಹೈಸ್ಕೂಲ್ ಮುಗಿಸಿದವರು, ಕಾಲೇಜಿನಲ್ಲಿ ಮೂರು ವರ್ಷ ಆಡಿದವರು ಇದಕ್ಕೆ ಬರಬಹುದು. ಅಮೆರಿಕ, ಕೆನಡಾ, ಪೋರ್ಟೊರಿಕೊ ಹುಡುಗರಿಗೆ ಮಾತ್ರ. ಡೊಮಿನಿಕನ್, ವೆನೆಜುವೆಲಾ ಹುಡುಗರ ದಾರಿಯೇ ಬೇರೆ, ಅವರು 16ಕ್ಕೇ ನೇರವಾಗಿ ಸಹಿ ಹಾಕಬಹುದು.

ಒಂದು ವ್ಯತ್ಯಾಸ ಮಾತ್ರ ನೆನಪಿಟ್ಟುಕೊಳ್ಳಿ. ಕೊಹ್ಲಿ ಆಯ್ಕೆಯಾದ ಮುಂದಿನ ತಿಂಗಳೇ ಚಿನ್ನಸ್ವಾಮಿಯಲ್ಲಿ ಆಡಿದ. ಇಲ್ಲಿ ಹಾಗಲ್ಲ. ಆರಿಸಿದ ಹುಡುಗ ಕೆಳಹಂತದ ಮೈನರ್ ಲೀಗ್‌ನ ಮೆಟ್ಟಿಲು ಒಂದೊಂದೇ ಹತ್ತಬೇಕು. ಸಣ್ಣ ಊರು, ರಾತ್ರಿ ಬಸ್ಸು. ಮೂರು ವರ್ಷ, ನಾಲ್ಕು ವರ್ಷ. ಎಷ್ಟೋ ಜನ ಮೇಲೆ ಬರುವುದೇ ಇಲ್ಲ. ಅಂದರೆ ಅಭಿಮಾನಿ ಇವತ್ತು ಹೇಳಿದ ಮಾತು ನಿಜವೋ ಸುಳ್ಳೋ ಅಂತ ತಿಳಿಯುವಷ್ಟರಲ್ಲಿ ಅವನ ಮಗು ನರ್ಸರಿಯಿಂದ ಮೂರನೇ ಕ್ಲಾಸಿಗೆ ಬಂದಿರುತ್ತದೆ. ಇಷ್ಟು ನಿಧಾನವಾಗಿ ಉತ್ತರ ಸಿಗುವ ಜಗಳ ನಾನು ಬೇರೆಲ್ಲೂ ನೋಡಿಲ್ಲ, ನಮ್ಮೂರಿನ ಜಮೀನು ಕೇಸುಗಳನ್ನು ಬಿಟ್ಟರೆ.

ನನಗೆ ಈ ಹುಚ್ಚು ಹಿಡಿಸಿದ್ದು ಪಕ್ಕದ ಮನೆಯ ತಾತ. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ನ್ಯೂಯಾರ್ಕ್ ಮೆಟ್ಸ್ ತಂಡದ ಕಡು ಅಭಿಮಾನಿ. ನ್ಯೂಜೆರ್ಸಿಯಲ್ಲಿ ಮೆಟ್ಸ್ ಅಭಿಮಾನಿ ಆಗಿರುವುದು ಅಂದರೆ, ಪಕ್ಕದಲ್ಲಿ ಅದೇ ಊರಿನ ಇನ್ನೊಂದು ತಂಡ ಯಾಂಕೀಸ್‌ನವರು ಇರುವಾಗ, ಶ್ರೀಮಂತ ಅಣ್ಣನ ಮನೆಯ ಔಟ್‌ಹೌಸ್‌ನಲ್ಲಿ ಇದ್ದ ಹಾಗೆ. ಅವರ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ವರ್ಷಕ್ಕೆ ಒಂದು ಪುಟ. ಡ್ರಾಫ್ಟ್‌ಗೆ ಮೊದಲು ತಮಗೆ ಬೇಕಾದ ಐದು ಹುಡುಗರ ಹೆಸರು ಪೆನ್ನಿನಲ್ಲಿ ಬರೆಯುತ್ತಾರೆ. ಗೆರೆ ಎಳೆದು ಕೆಳಗೆ ಮೆಟ್ಸ್ ಆರಿಸಿದವನ ಹೆಸರು. ಪಕ್ಕದ ಮಾರ್ಜಿನ್‌ನಲ್ಲಿ ಮುಂದೆ ಏನಾಯಿತು ಅಂತ ವರ್ಷಗಟ್ಟಲೆ ಸಣ್ಣ ಅಕ್ಷರದಲ್ಲಿ ಸೇರಿಸುತ್ತಾ ಹೋಗುತ್ತಾರೆ. ತಪ್ಪಾದರೂ ಒಂದು ಹೆಸರನ್ನೂ ಹೊಡೆದು ಹಾಕಿಲ್ಲ.

ಒಂದು ಏಪ್ರಿಲ್‌ನಲ್ಲಿ ನನ್ನನ್ನು ಹತ್ತಿರದ ಹೈಸ್ಕೂಲ್ ಆಟಕ್ಕೆ ಕರೆದುಕೊಂಡು ಹೋದರು. ಚಳಿ ಅಂದರೆ ಚಳಿ, ಕೈಯಲ್ಲಿ ಹಿಡಿದ ಕಾಫಿ ಐದು ನಿಮಿಷಕ್ಕೆ ತಣ್ಣಗೆ. ಬಲೆಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಹದಿನೈದು ಇಪ್ಪತ್ತು ಜನ ಕೂತಿದ್ದರು. ಅವರೇ ಸ್ಕೌಟ್‌ಗಳು, ತಂಡಗಳ ಪರವಾಗಿ ಹುಡುಗರನ್ನು ನೋಡಲು ಊರೂರು ತಿರುಗುವವರು. ಯಾರೂ ಮಾತಾಡುತ್ತಿರಲಿಲ್ಲ. ಪಿಚರ್, ಅಂದರೆ ಚೆಂಡು ಎಸೆಯುವ ಹುಡುಗ, ಕಾಲೆತ್ತಿದ ಕೂಡಲೇ ಅಷ್ಟೂ ಕೈಗಳು ಒಟ್ಟಿಗೆ ಮೇಲೆದ್ದವು, ಒಂದೊಂದರಲ್ಲೂ ವೇಗ ಅಳೆಯುವ ಒಂದು ರಾಡಾರ್ ಗನ್. ಚೆಂಡು ಕ್ಯಾಚರ್, ಅಂದರೆ ನಮ್ಮ ವಿಕೆಟ್‌ಕೀಪರ್ ಥರದವನ, ಕೈ ಸೇರಿತು. ಕೈಗಳು ಕೆಳಗಿಳಿದವು, ತಲೆಗಳು ಬಗ್ಗಿದವು, ಪೆನ್ನು ಓಡಿತು. ಮತ್ತೆ ಕಾಲೆತ್ತಿದ, ಮತ್ತೆ ಕೈಗಳು. ಮಂಗಳಾರತಿಗೆ ಜನ ಒಟ್ಟಿಗೆ ಕೈ ಮುಗಿಯುವ ಹಾಗೆ. ನಮ್ಮ ಮುಂದೆ ಆ ಹುಡುಗನ ತಾಯಿ ಕೂತಿದ್ದರು. ಮೂರು ಇನ್ನಿಂಗ್ಸ್ ಆಕೆ ಮಗನನ್ನು ನೋಡಲೇ ಇಲ್ಲ. ಆ ಕೈಗಳನ್ನೇ ನೋಡುತ್ತಿದ್ದರು.

ತಾತ ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು: “ವೇಗ ಬಿಡು. ಭುಜ ನೋಡು, ಸೊಂಟ ನೋಡು. ಇವನ ಮೈ ಇನ್ನೂ ತುಂಬಬೇಕು.”

ನನಗೆ ಥಟ್ಟನೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೆನಪಾಯಿತು. ನಮ್ಮಜ್ಜ ಎರಡು ಹಲ್ಲಿನ ಹೋರಿಯ ಮುಂದೆ ನಿಂತು ಇದೇ ಮಾತು ಹೇಳುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡೋದು, ಬೆನ್ನ ಮೇಲೆ ಸುಳಿ ಹುಡುಕೋದು, ನಾಲ್ಕು ಹೆಜ್ಜೆ ನಡೆಸೋದು. ಈಗಿನ ಹೋರಿಗಲ್ಲ ಅವರು ಬೆಲೆ ಕಟ್ಟುತ್ತಿದ್ದದ್ದು, ಮೂರು ವರ್ಷದ ನಂತರದ ಎತ್ತಿಗೆ. ಮನುಷ್ಯರ ಮಕ್ಕಳನ್ನು ಹೀಗೆ ನೋಡುವುದು ಸರಿಯೇ ಅಂತ ನೀವು ಕೇಳಬಹುದು. ನನಗೂ ಇರುಸುಮುರುಸು ಆಗುತ್ತದೆ. ಆದರೂ ನೋಡುತ್ತೇನೆ.

ಸ್ಕೌಟ್‌ಗಳಿಗೆ ಒಂದು ಅಳತೆ ಇದೆ, 20ರಿಂದ 80ರವರೆಗೆ. 50 ಅಂದರೆ ದೊಡ್ಡ ಲೀಗ್‌ನ ಸರಾಸರಿ ಆಟಗಾರ. ಹೊಡೆಯೋದು, ದೂರ ಹೊಡೆಯೋದು, ಓಟ, ಎಸೆತ, ಫೀಲ್ಡಿಂಗ್, ಈ ಐದಕ್ಕೂ ಬೇರೆ ಬೇರೆ ಅಂಕ. ಅಭಿಮಾನಿಗಳ ಬಾಯಲ್ಲೂ ಇದೇ ಭಾಷೆ. “ಅವನ ಪವರ್ 60, ಆದರೆ ಹಿಟ್ 40 ಕಣಯ್ಯಾ” ಅಂತ ಬಾರ್ಬರ್ ಶಾಪ್‌ನಲ್ಲಿ ಜಗಳ ನಡೆಯುತ್ತೆ. ಆ ಹುಡುಗನ ಆಟವನ್ನು ಇಬ್ಬರೂ ನೋಡಿರುವುದಿಲ್ಲ, ಅದು ಬೇರೆ ಮಾತು.

ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಅದೂ ಇಲ್ಲಿ ಇದೆ. 2012ರಿಂದ ಮೊದಲ ಹತ್ತು ಸುತ್ತಿನ ಪ್ರತಿ ಸ್ಥಾನಕ್ಕೂ ಇಷ್ಟು ಅಂತ ಬೆಲೆ ಗೊತ್ತು ಮಾಡಿದ್ದಾರೆ. ಎಲ್ಲ ಸೇರಿ ತಂಡಕ್ಕೆ ಒಂದು ಗಂಟು. ಆ ವರ್ಷ ಹ್ಯೂಸ್ಟನ್‌ಗೆ ಮೊದಲ ಸರದಿ. ಅದರ ಬೆಲೆ 72 ಲಕ್ಷ ಡಾಲರ್. ಅವರು ಪೋರ್ಟೊರಿಕೊದ ಕಾರ್ಲೋಸ್ ಕೊರಿಯಾನನ್ನು 48 ಲಕ್ಷಕ್ಕೆ ಒಪ್ಪಿಸಿದರು. ಉಳಿದ ದುಡ್ಡು ಕೊಟ್ಟು 41ನೇ ಸ್ಥಾನದಲ್ಲಿ ಲ್ಯಾನ್ಸ್ ಮೆಕಲರ್ಸ್ ಎಂಬ ಪಿಚರ್‌ನನ್ನು ಸೆಳೆದರು. 2017ರಲ್ಲಿ ಹ್ಯೂಸ್ಟನ್ ಬೇಸ್‌ಬಾಲ್‌ನ ಅಂತಿಮ ಸರಣಿ ವರ್ಲ್ಡ್ ಸೀರೀಸ್ ಗೆದ್ದಾಗ ಇಬ್ಬರೂ ತಂಡದಲ್ಲಿದ್ದರು. ಅಂದಿನಿಂದ ನಮ್ಮಂಥವರೂ ಆಟ ಬಿಟ್ಟು ಉಳಿತಾಯದ ಲೆಕ್ಕ ಹಾಕಲು ಶುರು ಮಾಡಿದೆವು. ಇದು ನನಗೆ ಅಷ್ಟು ಇಷ್ಟವಿಲ್ಲ. ಆಫೀಸಿನಲ್ಲಿ ಬಜೆಟ್ ನೋಡೋದು ಸಾಕಾಗಲ್ವಾ?

ಈಗ ತಾತನ ನೋಟ್‌ಬುಕ್‌ಗೆ ಬರೋಣ. ಮೊದಲ ಪುಟ 1966. ಆಗ ಅವರು ಹುಡುಗ. ಮೆಟ್ಸ್‌ಗೆ ಇಡೀ ದೇಶದಲ್ಲಿ ಮೊದಲ ಸರದಿ. ತಂಡಕ್ಕೆ ಕ್ಯಾಚರ್ ಬೇಕಿತ್ತು. ಕ್ಯಾಲಿಫೋರ್ನಿಯಾದ ಸ್ಟೀವ್ ಚಿಲ್ಕಾಟ್ ಎಂಬ ಕ್ಯಾಚರ್‌ನನ್ನು ಆರಿಸಿದರು. ಎರಡನೇ ಸರದಿಯವರು ಎತ್ತಿಕೊಂಡದ್ದು ರೆಜಿ ಜಾಕ್ಸನ್‌ನನ್ನು. ಜಾಕ್ಸನ್ ಮುಂದೆ 563 ಹೋಮ್ ರನ್ ಹೊಡೆದ. ಚಿಲ್ಕಾಟ್‌ಗೆ ಭುಜದ ಪೆಟ್ಟು, ದೊಡ್ಡ ಲೀಗ್‌ನಲ್ಲಿ ಒಂದು ದಿನವೂ ಆಡಲಿಲ್ಲ. ಮಾರ್ಜಿನ್‌ನಲ್ಲಿ ತಾತ ಬರೆದಿರುವುದು ಒಂದೇ ಪದ: “ಕ್ಯಾಚರ್!”

ಹಿಂದಿನ ವರ್ಷ, ಅಂದರೆ ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ, ಇದೇ ಮೆಟ್ಸ್ 12ನೇ ಸುತ್ತಿನಲ್ಲಿ ಟೆಕ್ಸಸ್‌ನ ಒಬ್ಬ ಸಣಕಲು ಹುಡುಗನನ್ನು ಆರಿಸಿತ್ತು. ನೋಲನ್ ರಯಾನ್. ಎಲ್ಲರಿಗಿಂತ ಜಾಸ್ತಿ ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಬರೀ ಎಸೆತದಿಂದಲೇ ಬ್ಯಾಟರ್‌ಗಳನ್ನು ಔಟ್ ಮಾಡಿದ, ಪಿಚರ್. ಅವನನ್ನು 1971ರಲ್ಲಿ ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಸಿಕ್ಕಿದ್ದನ್ನೂ ಉಳಿಸಿಕೊಳ್ಳಲಿಲ್ಲ ಅಂತ ತಾತನಿಗೆ ಇವತ್ತಿಗೂ ಉರಿ.

ಇನ್ನೊಂದು ಪುಟ 2010. ಏಳನೇ ಸರದಿಯಲ್ಲಿ ಮ್ಯಾಟ್ ಹಾರ್ವಿ. ಎಲ್ಲರ ಬಾಯಲ್ಲೂ ಅವನ ಹೆಸರೇ. ಅದೇ ಡ್ರಾಫ್ಟ್‌ನ ಒಂಬತ್ತನೇ ಸುತ್ತಿನಲ್ಲಿ, 272ನೆಯವನಾಗಿ, ಸ್ಟೆಟ್ಸನ್ ವಿಶ್ವವಿದ್ಯಾಲಯದ ಒಬ್ಬ ಶಾರ್ಟ್‌ಸ್ಟಾಪ್ ಫೀಲ್ಡರ್ ಬಂದ. ಪಿಚಿಂಗ್ ಶುರು ಮಾಡಿದ್ದೇ ಆ ವರ್ಷ. ಜೇಕಬ್ ಡಿಗ್ರಾಮ್. 2018 ಮತ್ತು 2019ರಲ್ಲಿ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಎರಡೂ ಸಲ ಅವನಿಗೇ. ತಾತನ ಐದು ಹೆಸರಿನಲ್ಲಿ ಅವನಿಲ್ಲ. ಯಾರ ಐದರಲ್ಲೂ ಇರಲಿಲ್ಲ. ಹೀಗಿರುವಾಗ ನಾವು ಆರು ತಿಂಗಳು ಗಂಟಲು ಹರಿದುಕೊಳ್ಳುವುದು ಯಾಕೆ ಅಂತ ನನ್ನ ಹೆಂಡತಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ.

ಗೊತ್ತಿದ್ದವರಿಗೂ ಗೊತ್ತಾಗುವುದಿಲ್ಲ ಅನ್ನುವುದೇ ಇದರ ರುಚಿ ಅಂತ ನನಗನಿಸುತ್ತದೆ. ನಮ್ಮ ನ್ಯೂಜೆರ್ಸಿಯ ಮಿಲ್‌ವಿಲ್ ಹುಡುಗ ಮೈಕ್ ಟ್ರೌಟ್‌ನನ್ನೇ ನೋಡಿ. ಇಲ್ಲಿ ಚಳಿ, ವರ್ಷಕ್ಕೆ ಆಡುವ ಪಂದ್ಯ ಕಮ್ಮಿ, ಎದುರಾಳಿಗಳೂ ಸಾಧಾರಣ ಅಂತ ತಂಡಗಳಿಗೆ ಅನುಮಾನ. 2009ರ ಡ್ರಾಫ್ಟ್ ಇಲ್ಲೇ ಸಿಕಾಕಸ್‌ನ ಟಿವಿ ಸ್ಟುಡಿಯೋದಲ್ಲಿ ನಡೆಯಿತು. ಹುಡುಗರ ಪೈಕಿ ಸ್ಟುಡಿಯೋಗೆ ಬಂದು ಕೂತವನು ಟ್ರೌಟ್ ಒಬ್ಬನೇ. ಒಬ್ಬೊಬ್ಬರ ಹೆಸರೂ ಕರೆದರು, ಇವನು ಕೂತೇ ಇದ್ದ. 24 ಹೆಸರು ಆದಮೇಲೆ 25ನೆಯವನಾಗಿ ಕರೆದರು. ಈ ತಲೆಮಾರಿನ ಅತ್ಯುತ್ತಮ ಆಟಗಾರ ಯಾರು ಅಂದರೆ ಎಷ್ಟೋ ಜನ ಅವನ ಹೆಸರನ್ನೇ ಹೇಳುತ್ತಾರೆ.

ಸ್ಕೌಟ್‌ಗಳಲ್ಲೂ ನೋವು ನುಂಗಿದವರಿದ್ದಾರೆ. ಹ್ಯಾಲ್ ನ್ಯೂಹೌಸರ್ ಹಿಂದೆ ದೊಡ್ಡ ಪಿಚರ್, ಮುದಿ ವಯಸ್ಸಿನಲ್ಲಿ ಹ್ಯೂಸ್ಟನ್‌ಗೆ ಸ್ಕೌಟ್. 1992ರಲ್ಲಿ ಮಿಶಿಗನ್‌ನ ಡೆರೆಕ್ ಜೀಟರ್‌ನನ್ನೇ ಮೊದಲು ಆರಿಸಿ ಅಂತ ಪಟ್ಟು ಹಿಡಿದರು. ತಂಡ ಕೇಳಲಿಲ್ಲ. ಜೀಟರ್ ಆರನೆಯವನಾಗಿ ಯಾಂಕೀಸ್ ಪಾಲಾದ. ನ್ಯೂಹೌಸರ್ ಕೆಲಸ ಬಿಟ್ಟು ಮನೆಗೆ ಹೋದರು. ಕಂಡ ಹುಡುಗನಿಗಾಗಿ ಕೆಲಸವನ್ನೇ ಬಿಟ್ಟ ಆ ಮುದುಕರ ಮೇಲೆ ನನಗೆ ಜೀಟರ್‌ಗಿಂತ ಜಾಸ್ತಿ ಗೌರವ.

ಕೊನೆಗೆ 2021ರ ಪುಟ. ಇದರಲ್ಲಿ ನನ್ನ ಕೈಬರಹವೂ ಇದೆ. ಆ ವರ್ಷ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಕುಮಾರ್ ರಾಕರ್ ಅಂತ ಒಬ್ಬ ಪಿಚರ್ ಇದ್ದ. ಅಪ್ಪ ಫುಟ್‌ಬಾಲ್ ಆಟಗಾರ ಟ್ರೇಸಿ ರಾಕರ್, ತಾಯಿ ಲಲಿತಾ ಭಾರತೀಯ ಮೂಲದವರು. 2019ರಲ್ಲಿ ಡ್ಯೂಕ್ ಮೇಲೆ ಒಂದೇ ಪಂದ್ಯದಲ್ಲಿ 19 ಸ್ಟ್ರೈಕ್‌ಔಟ್, ಒಂದು ಹಿಟ್ ಕೂಡ ಕೊಡಲಿಲ್ಲ. ಟಿವಿಯಲ್ಲಿ “ಕುಮಾರ್” ಅಂತ ಕೇಳಿದರೆ ಅಡುಗೆಮನೆಯಿಂದ ನಮ್ಮಮ್ಮ ಕೂಡ ಬಂದು ಇಣುಕುತ್ತಿದ್ದರು. “ಯಾರೋ ನಮ್ಮೋನು?” ಅಂತ.

ಅವನು ಮೆಟ್ಸ್‌ವರೆಗೆ ಉಳಿಯುತ್ತಾನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ನಮ್ಮದು 10ನೇ ಸರದಿ. ಜುಲೈ 11ರ ರಾತ್ರಿ ನಮ್ಮ ಬೇಸ್‌ಮೆಂಟ್‌ನಲ್ಲಿ ತಾತ, ನಾನು, ಒಂದು ಡಬ್ಬ ಕೋಡುಬಳೆ. ಒಂಬತ್ತು ತಂಡ ಅವನನ್ನು ಬಿಟ್ಟವು. ಹತ್ತನೆಯದಾಗಿ ಅವನ ಹೆಸರು ಕರೆದಾಗ ತಾತ ಎದ್ದು ನಿಂತು ಹಾರಿದರು. ಎಪ್ಪತ್ತರ ಮೇಲಿನ ಮನುಷ್ಯ, ಮಂಡಿ ನೋವು ಬೇರೆ. 60 ಲಕ್ಷ ಡಾಲರ್‌ಗೆ ಮಾತಾಯಿತು ಅಂತ ಸುದ್ದಿ ಬಂತು. ಆಮೇಲೆ ವೈದ್ಯಕೀಯ ತಪಾಸಣೆ. ತೋಳಿನ ಬಗ್ಗೆ ತಂಡಕ್ಕೆ ಸಂಶಯ ಬಂತು. ಆಗಸ್ಟ್ 1 ಗಡುವು. ಅವತ್ತು ಸಂಜೆ ಐದು ಗಂಟೆಯಾಯಿತು, ಸಹಿ ಆಗಲಿಲ್ಲ. ಎರಡು ದಿನ ಮುಂಚೆ ಮೆಟ್ಸ್‌ನವರು 2020ರ ತಮ್ಮ ಮೊದಲ ಆಯ್ಕೆ ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್‌ನನ್ನು ಶಿಕಾಗೋಗೆ ಕೊಟ್ಟಿದ್ದರು. ಆ ಹುಡುಗ 2025ರಲ್ಲಿ ಆಯ್ದ ಆಟಗಾರರ ಆಲ್‌ಸ್ಟಾರ್ ಪಂದ್ಯ ಆಡಿದ. ಒಂದೇ ವಾರಾಂತ್ಯ, ಎರಡು ಹುಡುಗರು.

ಕುಮಾರ್ ಮುಂದಿನ ಬೇಸಿಗೆ ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ ಒಂದು ಸಣ್ಣ ಸ್ವತಂತ್ರ ಲೀಗ್ ತಂಡಕ್ಕೆ ಆಡಿದ. 2022ರಲ್ಲಿ ಟೆಕ್ಸಸ್ ರೇಂಜರ್ಸ್ ಅವನನ್ನು ಮೂರನೇ ಸ್ಥಾನದಲ್ಲೇ ಆರಿಸಿತು, 52 ಲಕ್ಷ ಡಾಲರ್ ಕೊಟ್ಟಿತು. ಮರುವರ್ಷ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. ಮೆಟ್ಸ್ ಸಂಶಯ ಸುಳ್ಳಾಗಿರಲಿಲ್ಲ ಅನ್ನುವವರು ಇದನ್ನೇ ತೋರಿಸುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಲೀಗ್‌ಗೆ ಬಂದೇ ಬಂದ, ಇದು ಇನ್ನೊಬ್ಬರ ಮಾತು. ಜಗಳ ಇನ್ನೂ ಮುಗಿದಿಲ್ಲ.

ಸಹಿ ಆಗದಿದ್ದಕ್ಕೆ ಪರಿಹಾರವಾಗಿ ಮೆಟ್ಸ್‌ಗೆ 2022ರಲ್ಲಿ 11ನೇ ಸರದಿ ಸಿಕ್ಕಿತು. ಅದರಲ್ಲಿ ಯಾರನ್ನು ಆರಿಸಿದರು ಗೊತ್ತಾ? ಕೆವಿನ್ ಪರಾಡಾ. ಕ್ಯಾಚರ್! ತಾತ ನೋಟ್‌ಬುಕ್ ತೆರೆದು, 1966ರ ಪುಟ ಒಂದು ಬೆರಳಲ್ಲಿ ಹಿಡಿದು, ನನಗೆ ಎರಡನ್ನೂ ತೋರಿಸಿದರು. ಏನೂ ಹೇಳಲಿಲ್ಲ.

ಈ ವರ್ಷದ ಪುಟದಲ್ಲಿ ನಾಲ್ಕು ಹೆಸರು ಬರೆದಾಗಿದೆ. ಐದನೆಯ ಸಾಲು ಖಾಲಿ ಬಿಟ್ಟು, ನೋಟ್‌ಬುಕ್ ನನ್ನ ಕೈಗೆ ಕೊಟ್ಟಿದ್ದಾರೆ. “ನೀನೇ ಬರಿ” ಅಂತ. ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಕಾರಿನಲ್ಲೇ ಇದೆ, ಊಟ ಆದಮೇಲೆ ಬಂದರೆ ತೋರಿಸುತ್ತೇನೆ. ಯಾರಾದರೂ ಒಳ್ಳೆಯ ಹುಡುಗನ ಹೆಸರು ಹೇಳಿದರೆ ಪುಣ್ಯ ಬರುತ್ತದೆ. ಕ್ಯಾಚರ್ ಮಾತ್ರ ಬೇಡ.